ಕಾಸರಗೋಡಿನ ಒಂದು ಆಸ್ಪತ್ರೆ: ಗೋಡೆ ಚಿತ್ರಗಳಿಗೆ ಐದರಲ್ಲಿ ಮೂರೂವರೆ

ಡಾಕ್ಟರು, ಬಿಲ್ಲು, ಕ್ಯಾಂಟೀನು ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಗೋಡೆಗಳ ಬಗ್ಗೆ. ಪೇಟೆಯ ಒಂದು ಖಾಸಗಿ ಆಸ್ಪತ್ರೆ. ದೂರೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಅಮ್ಮನ ಪಿತ್ತಕೋಶದ ಕಲ್ಲಿನ ಆಪರೇಷನ್ ಅಲ್ಲಿ ಆಯಿತು, ಚಿಕಿತ್ಸೆ ಚೆನ್ನಾಗಿತ್ತು, ಆ ವಿಷಯ ಅಲ್ಲಿಗೆ ಬಿಡೋಣ.

ಮಹಿಳಾ ವಾರ್ಡಿನ ಉದ್ದನೆಯ ಗೋಡೆಗೆ ಪೂರ್ತಿ ಅಡಿಕೆ ತೋಟ ಬರೆಸಿದ್ದಾರೆ. ಸುಮ್ನೆ ಹಸಿರು ಬಳಿದದ್ದಲ್ಲ. ಗುಡ್ಡದ ಮುರಕಲ್ಲಿನಲ್ಲಿ (ಕೆಂಪು ಜಂಬಿಟ್ಟಿಗೆ ಕಲ್ಲು) ನೀರಿಗಾಗಿ ಕೊರೆದ ಸುರಂಗ, ಅದರ ಬಾಯಿಯಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುವ ನೀರು, ಕೆಳಗೆ ಮಣ್ಣಿನ ಕೆರೆ, ಕೆರೆ ಬದಿಯ ಕಲ್ಲಿನ ಮೇಲೆ ಯಾರೋ ತೆಗೆದಿಟ್ಟ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ. ಬರೆದವರು ನಮ್ಮ ಕಡೆಯ ತೋಟ ಕಂಡವರೇ ಇರಬೇಕು. ಅಮ್ಮ ಮಾತ್ರ ಒಂದು ತಪ್ಪು ಹಿಡಿದರು. "ದಂಬೆಗೆ ಇಳಿಜಾರು ಸಾಲದು, ನೀರು ಅಲ್ಲೇ ನಿಲ್ತದೆ" ಅಂದರು. ಪಕ್ಕದ ಬೆಡ್ಡಿನಲ್ಲಿ ನೀಲೇಶ್ವರ ಕಡೆಯ ಒಬ್ಬರು ಅಜ್ಜಿ. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಮಲಯಾಳ ಅಷ್ಟಕ್ಕಷ್ಟೆ, ಆದರೂ ಇಬ್ಬರೂ ಬೆರಳು ತೋರಿಸಿಕೊಂಡು ನೀರಿನ ವಿಷಯವೇ ಮಾತಾಡಿದರು. ನೋವು ಹೋಯಿತು ಅಂತ ಹೇಳುವುದಿಲ್ಲ. ಆದರೆ ಹೊಲಿಗೆ ಹಾಕಿದ ಜಾಗ ಬಿಟ್ಟು ಬೇರೆ ಯೋಚಿಸಲಿಕ್ಕೆ ಒಂದು ವಿಷಯ ಸಿಕ್ಕಿತು.

ಇದು ನನ್ನ ಭ್ರಮೆ ಏನಲ್ಲ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಎಂಬವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದೂ ಇದೇ ಪಿತ್ತಕೋಶದ ಆಪರೇಷನ್ ಆದವರ ಬಗ್ಗೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 46 ರೋಗಿಗಳ ದಾಖಲೆ ಅವರು ನೋಡಿದ್ದರು. ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಆಸ್ಪತ್ರೆಯಲ್ಲಿ ಇದ್ದದ್ದು ಸರಾಸರಿ 7.96 ದಿನ, ಗೋಡೆ ಕಂಡವರು 8.70 ದಿನ. ನೋವಿಗೆ ಕೊಡುವ ಜೋರಿನ ಮದ್ದೂ ಮರ ಕಂಡವರಿಗೆ ಕಮ್ಮಿ ಬೇಕಾಯಿತು. ಅದು ಕಿಟಕಿ, ಚಿತ್ರ ಅಲ್ಲ, ಹೌದು. ಚಿತ್ರದ ಪರೀಕ್ಷೆಯೂ ಆಮೇಲೆ ಆಯಿತು. ಸ್ವೀಡನ್ನಿನ ಉಪ್ಸಾಲಾ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆದ 160 ಮಂದಿಯ ಎದುರು ಬೇರೆ ಬೇರೆ ಚಿತ್ರ ಇಟ್ಟು ನೋಡಿದರು. ನೀರು, ಮರ ಇದ್ದ ಚಿತ್ರ ಕಂಡವರಿಗೆ ಆತಂಕ ಕಮ್ಮಿಯಾಯಿತು. ನೇರ ಗೆರೆ, ಚೂಪು ಮೂಲೆಗಳ ಅಮೂರ್ತ ಚಿತ್ರ ಕಂಡವರಿಗೆ ಏನೂ ಇಲ್ಲದ ಗೋಡೆಗಿಂತ ಜಾಸ್ತಿಯಾಯಿತು!

ಈಗ ದೂರು. ಇದೇ ಆಸ್ಪತ್ರೆಯ ಐಸಿಯು ಒಳಗೆ ಬೆಡ್ಡುಗಳಿಗೆ ಸರಿ ಎದುರಾಗಿ ಕಪ್ಪು ಕೆಂಪು ತ್ರಿಕೋನಗಳ ದೊಡ್ಡ ಚಿತ್ರ ಇದೆ. ಹೊರಗೆ ನಾವು ಕಾಯುವ ಜಾಗದಲ್ಲಿ ದೈವದ ವೇಷ ತೆಯ್ಯಂನ ಮುಖ, ಆಳೆತ್ತರದ್ದು. ತೆಯ್ಯಂ ಕಟ್ಟುವ ಕಳಿಯಾಟದ ಉತ್ಸವಕ್ಕೆ ತಪ್ಪದೆ ಹೋಗುವವಳು ನಾನು, ಚಿತ್ರವೂ ಅದ್ಭುತವಾಗಿದೆ. ಆದರೆ ನಡುರಾತ್ರಿ ಒಳಗಿನ ಸುದ್ದಿಗೆ ಕಾಯುತ್ತಾ ಕೂತವರಿಗೆ ಆ ಕಣ್ಣು ಬೇಡ. ಅದನ್ನು ಕೆಳಗೆ ರಿಸೆಪ್ಷನ್ನಿನಲ್ಲಿ ಹಾಕಿ, ಅಲ್ಲಿ ಅದಕ್ಕೆ ತಕ್ಕ ಮರ್ಯಾದೆಯೂ ಸಿಗುತ್ತದೆ.

ಸ್ಪೆಷಲ್ ರೂಮುಗಳಲ್ಲಿ ಇನ್ನೊಂದು ತೊಂದರೆ. ಬೇಕಲ ಕೋಟೆ, ಚಂದ್ರಗಿರಿ ಹೊಳೆಯ ಒಳ್ಳೆಯ ಫೋಟೋಗಳಿವೆ, ಆದರೆ ಮಂಚದ ತಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದಿದ್ದಾರೆ. ಮಲಗಿದವರಿಗೆ ಕಾಣುವುದೇ ಇಲ್ಲ, ನೋಡಲು ಬಂದವರಿಗೆ ಮಾತ್ರ. ಎದುರು ಗೋಡೆಯಲ್ಲಿ ಇರುವ ಒಂದೆರಡಕ್ಕೆ ಗಾಜು ಹಾಕಿದ್ದಾರೆ, ಮಲಗಿ ನೋಡಿದರೆ ಹೊಳೆ ಇರಬೇಕಾದ ಜಾಗದಲ್ಲಿ ಟ್ಯೂಬ್‌ಲೈಟ್. ಧೂಳು ಒರೆಸಲು ಗಾಜು ಸುಲಭ, ಒಪ್ಪುತ್ತೇನೆ. ಹಾಗಾದರೆ ವಾರ್ಡಿನ ಹಾಗೆ ಗೋಡೆಗೇ ತೊಳೆಯಲು ಬರುವ ಪೈಂಟಿನಲ್ಲಿ ಬರೆಸಬಹುದು ಅಲ್ವಾ? ಮಲಗಿದವರು ಹೆಚ್ಚು ಹೊತ್ತು ನೋಡುವುದು ಮೇಲಿನ ಸೀಲಿಂಗನ್ನು. ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ 1933ರಲ್ಲಿ ಫಿನ್ಲೆಂಡಿನ ಪೈಮಿಯೊದಲ್ಲಿ ಕ್ಷಯರೋಗದ ಆಸ್ಪತ್ರೆ ಕಟ್ಟಿಸಿದಾಗ ಅದಕ್ಕೇ ರೂಮಿನ ಸೀಲಿಂಗಿಗೆ ಹಸಿರು ಬಳಿಸಿದ್ದರು, ದೀಪ ರೋಗಿಯ ಕಣ್ಣಿಗೆ ಹೊಡೆಯದ ಹಾಗೆ ಇಡಿಸಿದ್ದರು. ಇಲ್ಲಿ ಬಿಳಿ ಸೀಲಿಂಗ್, ನಡುವೆ ಫ್ಯಾನು.

ಒಂದು ಜಾಣತನ ಹೇಳದಿದ್ದರೆ ತಪ್ಪಾಗುತ್ತದೆ. ಪ್ರತಿ ವಿಭಾಗದ ಬಾಗಿಲಿಗೆ ಒಂದೊಂದು ಹಕ್ಕಿ ಬರೆದಿದ್ದಾರೆ. ಬೋರ್ಡುಗಳೆಲ್ಲ ಮಲಯಾಳ, ಇಂಗ್ಲಿಷು. ಕನ್ನಡ ಮಾತ್ರ ಓದುವ ನಮ್ಮ ಎಣ್ಮಕಜೆ, ಪೈವಳಿಕೆ ಕಡೆಯ ಹಿರಿಯರಿಗೆ "ಮಿಂಚುಳ್ಳಿ ಇದ್ದಲ್ಲಿ ಸ್ಕ್ಯಾನಿಂಗ್" ಅಂದರೆ ಸಾಕು, ಯಾರನ್ನೂ ಕೇಳದೆ ಹೋಗುತ್ತಾರೆ. ಕನ್ನಡ ಬೋರ್ಡೂ ಬೇಕು, ಅದು ಬೇರೆ ಮಾತು, ಕೇಳುತ್ತಲೇ ಇರುತ್ತೇವೆ.

ಅಲ್ಲಿಗೆ ಹೋಗುವವರಿದ್ದರೆ, ದುಡ್ಡಿದ್ದರೂ ಸ್ಪೆಷಲ್ ರೂಮಿಗಿಂತ ಮಹಿಳಾ ವಾರ್ಡೇ ವಾಸಿ ಅಂತ ನನಗೆ ಅನಿಸಿದೆ. ಕಿಟಕಿ ಬದಿಯ ಸಾಲಿನಲ್ಲಿ ಬೆಡ್ ಕೊಡಿ ಅಂತ ಮೊದಲೇ ಸಿಸ್ಟರ್ ಹತ್ತಿರ ಕೇಳಿ, ಆ ಸಾಲಿನವರಿಗೆ ತೋಟ ಪೂರ್ತಿ ಕಾಣುತ್ತದೆ. ಡಿಸ್ಚಾರ್ಜ್ ಆಗುವಾಗ ಕೊಡುವ ಅಭಿಪ್ರಾಯದ ಫಾರ್ಮಿನಲ್ಲಿ ಐಸಿಯು ಚಿತ್ರ ಬದಲಿಸಿ ಅಂತ ನಾನು ಬರೆದಿದ್ದೇನೆ, ನೀವೂ ಬರೆಯಿರಿ.