ಸ್ಟೆಪ್ ಫೈಲ್ ಸರಿಯಾಗಿ ತೆರೆದುಕೊಂಡಿತೆಂದು ಮಷಿನ್‌ಗೆ ಹಾಕಬೇಡಿ

ಪುಣೆಯ ಭೋಸರಿ, ಚಾಕಣ್ ಕಡೆ ಜಾಬ್‌ವರ್ಕ್ ಮಾಡುವ ನಮ್ಮ ಬೆಳಗಾವಿ, ಹುಬ್ಬಳ್ಳಿ ಸೀಮೆಯವರು ಬಹಳ ಮಂದಿ ಇದ್ದಾರೆ. ಬೇರೆ ಸಾಫ್ಟ್‌ವೇರ್‌ನಲ್ಲಿ ತಯಾರಾದ ಅಸೆಂಬ್ಲಿಯನ್ನು (ಹಲವು ಭಾಗಗಳನ್ನು ಜೋಡಿಸಿದ 3ಡಿ ಮಾಡೆಲ್) ಸ್ಟೆಪ್ ಫೈಲಾಗಿ, ಅಂದರೆ ಒಂದು ಡಿಸೈನ್ ಸಾಫ್ಟ್‌ವೇರ್‌ನ ಮಾಡೆಲನ್ನು ಇನ್ನೊಂದರಲ್ಲಿ ತೆರೆಯಲು ಬಳಸುವ ಫೈಲಾಗಿ ಪಡೆದು, ಡ್ರಾಯಿಂಗ್ ಇಲ್ಲದೆ ಕೆಲಸ ಹಿಡಿಯುವವರು ದಯವಿಟ್ಟು ಇದನ್ನು ಓದಬೇಕು.

ಗ್ರಾಹಕರೊಬ್ಬರು, ವೆಲ್ಡ್ ಮಾಡುವಾಗ ಭಾಗಗಳನ್ನು ಹಿಡಿದಿಡುವ ವೆಲ್ಡಿಂಗ್ ಫಿಕ್ಸ್‌ಚರ್‌ನ ಅಸೆಂಬ್ಲಿ ಕಳಿಸಿದ್ದರು. ಅವರ ಡಿಸೈನ್ ಸಾಫ್ಟ್‌ವೇರ್ ಕ್ಯಾಟಿಯಾ, ನಮ್ಮದು ಸಾಲಿಡ್‌ವರ್ಕ್ಸ್. ಫೈಲ್ ಒಂದೂ ಎರರ್ ಇಲ್ಲದೆ ತೆರೆದುಕೊಂಡಿತು. ಬೇಸ್ ಪ್ಲೇಟ್, ರೈಸರ್, ಲೊಕೇಟರ್, ಟಾಗಲ್ ಕ್ಲ್ಯಾಂಪ್ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು, ಆದರೆ ಎಲ್ಲಕ್ಕೂ ಒಂದೇ ಬೂದು ಬಣ್ಣ. ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷಿನ್) ನಡೆಸುವ ಗೋಕಾಕದ ಹುಡುಗ ಪ್ಲೇಟ್ ನೋಡಿ, "ಸರ್, ಎಲ್ಲಾ ಹೋಲೂ ಹತ್ತ ಎಂಎಂ ಅದಾವ. ಇದರಾಗ ಟ್ಯಾಪ್ ಯಾವ್ದು, ಡೋವೆಲ್ ಯಾವ್ದು?" ಎಂದ. ಟ್ಯಾಪ್ ಎಂದರೆ ಬೋಲ್ಟ್ ಹಿಡಿಯಲು ಥ್ರೆಡ್ ಹಾಕುವ ಹೋಲ್, ಡೋವೆಲ್ ಎಂದರೆ ಭಾಗ ಕದಲದಂತೆ ನುಣುಪಾದ ಪಿನ್ ಕೂರುವ ಹೋಲ್. ಅದನ್ನೇ ಮೇಲ್‌ನಲ್ಲಿ ಕೇಳಿದಾಗ, ಮಾಡೆಲ್ ಅಂತಿಮವಾಗಿದೆ, ಅದರಂತೆಯೇ ಮಾಡಿ ಎಂಬ ಒಂದು ಸಾಲಿನ ಉತ್ತರ ಬಂತು. ಮಾಡೆಲಿನಲ್ಲಿದ್ದಂತೆ ಎಲ್ಲವನ್ನೂ 10 ಮಿ.ಮೀ.ಗೆ ಬೋರ್ ಮಾಡಿ ಕಳಿಸಿದೆವು. ಜೋಡಿಸುವಾಗ ಎಂ10 ಬೋಲ್ಟ್‌ಗಳು ಹಿಡಿಯಲು ಥ್ರೆಡ್ಡೇ ಇಲ್ಲದೆ ಸಲೀಸಾಗಿ ಇಳಿದುಹೋದವು.

ಆಗ ಹೊರಬಿದ್ದ ಸಂಗತಿಯೆಂದರೆ, ಅವರ ಡಿಸೈನರ್ ಟ್ಯಾಪ್ ಹೋಲ್‌ಗಳನ್ನೂ 10 ಮಿ.ಮೀ.ಗೇ ಬಿಡಿಸಿ, ಡೋವೆಲ್‌ಗೊಂದು, ಟ್ಯಾಪ್‌ಗೊಂದು ಬಣ್ಣ ಹಚ್ಚಿದ್ದರು. ಆದರೆ ಫೈಲನ್ನು ಸ್ಟೆಪ್‌ನ ಎಪಿ203 ಎಂಬ ಬಗೆಯ ಮೊದಲ ಆವೃತ್ತಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದರು. ಸ್ಟೆಪ್ ಎಂಬುದು ಐಎಸ್ಒ 10303 ಮಾನಕವಾದರೂ ಅದರೊಳಗೆ ಹಲವು ಬಗೆಗಳಿವೆ: ಎಪಿ203ರ ಮೊದಲ ಆವೃತ್ತಿಗೆ ಬಣ್ಣ ಗೊತ್ತಿಲ್ಲ, ಎಪಿ214ಕ್ಕೆ ಗೊತ್ತಿದೆ, ಎಪಿ242 ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಮೊದಲಾದ ಮಾಹಿತಿಯನ್ನೂ ಹೊರಬಲ್ಲದು, ಅದೂ ಕಳಿಸುವವರು ಬರೆದು ಪಡೆಯುವವರ ಸಾಫ್ಟ್‌ವೇರ್ ಓದಿದರೆ ಮಾತ್ರ. ಥ್ರೆಡ್ ಅನ್ನು ನಿಜವಾಗಿ ಕೆತ್ತಿ ಮಾಡೆಲ್ ಮಾಡಿರದಿದ್ದರೆ ಇನ್ನೊಂದು ತುದಿಯಲ್ಲಿ ಕಾಣುವುದು ಬರೀ ತೂತು. ಅದರ ಅಳತೆಯನ್ನೂ ನಂಬುವಂತಿಲ್ಲ. ಅದೇ ಎಂ10 ಒಬ್ಬರಲ್ಲಿ ಥ್ರೆಡ್ ಹಾಕುವ ಮುನ್ನ ಕೊರೆಯುವ ಟ್ಯಾಪ್ ಡ್ರಿಲ್ಲಿನ 8.5 ಮಿ.ಮೀ. ಆಗಿರುತ್ತದೆ, ಇನ್ನೊಬ್ಬರಲ್ಲಿ ಪೂರ್ತಿ 10.

ಪ್ಲೇಟ್‌ನ ಹೋಲ್‌ಗಳನ್ನು 10.2ಕ್ಕೆ ಹಿಗ್ಗಿಸಿ ಎಂ12 ಟ್ಯಾಪ್ ಹೊಡೆದು ಉಳಿಸಿಕೊಂಡೆವು. ಆದರೆ ದಪ್ಪ ಬೋಲ್ಟ್‌ಗೆ ಅಂಚಿನಲ್ಲಿ ಜಾಗವಿಲ್ಲದ ರೈಸರ್‌ಗಳನ್ನು ಹೊಸದಾಗಿಯೇ ಮಾಡಬೇಕಾಯಿತು, ಅದರ ಖರ್ಚನ್ನು ನಮ್ಮ ಬಿಲ್ಲಿನಲ್ಲೇ ಮುರಿದುಕೊಂಡರು. ತಮ್ಮ ಸ್ಕ್ರೀನಿನಲ್ಲಿ ಬಣ್ಣ ಸರಿಯಾಗಿದೆ ಎಂಬುದೊಂದೇ ಅವರ ವಾದ. ಅಲ್ಲಿ ಸರಿ ಇರುವುದು ಸಹಜವೇ, ಅದು ಮೂಲ ಫೈಲ್ ತಾನೇ.

ಆದ್ದರಿಂದ ಫೈಲ್ ಬಂದ ಕೂಡಲೇ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೇಲಿನ ಕೆಲವೇ ಸಾಲುಗಳಲ್ಲಿ 'ಫೈಲ್ ಸ್ಕೀಮಾ' ಎಂದಿರುತ್ತದೆ. ಮುಂದೆ 'ಕಾನ್ಫಿಗ್ ಕಂಟ್ರೋಲ್ ಡಿಸೈನ್' ಎಂದಿದ್ದರೆ ಅದು ಹಳೆಯ ಎಪಿ203, 'ಆಟೋಮೋಟಿವ್ ಡಿಸೈನ್' ಎಂದಿದ್ದರೆ ಎಪಿ214. ಹಳೆಯದಾದರೆ ವಾಪಸ್ ಕಳಿಸಿ. ಪಾರ್ಟ್‌ಗಳ ಎಣಿಕೆಯನ್ನು ಅವರ ಬಿಓಎಂ (ಭಾಗಗಳ ಪಟ್ಟಿ) ಜೊತೆ ತಾಳೆ ನೋಡಿ, ಏಕೆಂದರೆ ಎಕ್ಸ್‌ಪೋರ್ಟ್ ಮಾಡುವಾಗ ಸಪ್ರೆಸ್ ಆಗಿದ್ದ (ಮಾಡೆಲಿನಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಿದ್ದ) ಪಾರ್ಟ್ ಸದ್ದಿಲ್ಲದೆ ಬಿಟ್ಟುಹೋಗಬಹುದು. ಭಾಗಗಳು ಒಂದಕ್ಕೊಂದು ಹೇಗೆ ಕೂಡಿ ಚಲಿಸಬೇಕೆಂದು ಹೇಳುವ ಮೇಟ್‌ಗಳು ಬರುವುದಿಲ್ಲವಾದ್ದರಿಂದ ಕ್ಲ್ಯಾಂಪ್ ತೆರೆದ ಸ್ಥಿತಿಯಲ್ಲಿದ್ದರೆ ಹಾಗೆಯೇ ನಿಂತಿರುತ್ತದೆ. ಮುಚ್ಚಿದಾಗ ಎಲ್ಲಿ ತಾಗುತ್ತದೆಂಬುದನ್ನು ನೀವೇ ಸರಿಸಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಥ್ರೆಡ್ ಮತ್ತು ಎಚ್7 (ಡೋವೆಲ್‌ಗೆ ಬೇಕಾದ ನಿಖರ ಅಳತೆಯ) ಹೋಲ್‌ಗಳನ್ನು ಗುರುತಿಸಿದ ಪಿಡಿಎಫ್ ಡ್ರಾಯಿಂಗ್ ಕೇಳಿ, ಮಾಡೆಲಿಗೂ ಡ್ರಾಯಿಂಗಿಗೂ ವ್ಯತ್ಯಾಸ ಬಂದರೆ ಯಾವುದು ಅಂತಿಮ ಎಂಬುದನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ.