ಪ್ಲಾಸ್ಮಾ ಬೈಂಡಿಂಗ್ ಊಹಿಸುವ ಉಚಿತ ವೆಬ್ ಟೂಲ್: ಬಹಳ ದಿನ ಬಳಸಿದ ಮೇಲೆ

ಪುಣೆಯಲ್ಲಿ ಫಾರ್ಮಸಿ ಪಿಎಚ್‌ಡಿ ಮಾಡುತ್ತಿದ್ದೇನೆ. ಶುರುವಿನಿಂದಲೂ ಈ ಟೂಲ್ ಬಳಸುತ್ತಿದ್ದೇನೆ. ಔಷಧದ ಸ್ಮೈಲ್ಸ್ (ಅಣುವಿನ ರಚನೆಯನ್ನು ಅಕ್ಷರಗಳಲ್ಲಿ ಬರೆದ ಸಾಲು) ಅಂಟಿಸಿದರೆ ಸಾಕು, ಅದರಲ್ಲಿ ಎಷ್ಟು ಪಾಲು ರಕ್ತದ ಪ್ರೋಟೀನನ್ನು ಹಿಡಿದುಕೊಂಡಿರುತ್ತದೆ ಅಂತ ಹೇಳುತ್ತದೆ.

ಬೆಳಗ್ಗೆ ಚಹಾ ಕಪ್ ಬದಿಗಿಟ್ಟು ಮೊದಲು ಹಾಕುವುದು ಉತ್ತರ ಮೊದಲೇ ಗೊತ್ತಿರುವ ಹಳೇ ಗಿರಾಕಿಗಳನ್ನೇ: ವಾರ್ಫರಿನ್, ಪ್ಯಾರಸಿಟಮಾಲ್, ಅಟೆನೊಲಾಲ್. ವಾರ್ಫರಿನ್ 99 ಪರ್ಸೆಂಟ್ ಹತ್ತಿರ ಬರಬೇಕು. ಅಟೆನೊಲಾಲ್ ತೀರಾ ಕೆಳಗಿರಬೇಕು, ಪ್ಯಾರಸಿಟಮಾಲ್ ಅದಕ್ಕಿಂತ ಸ್ವಲ್ಪ ಮೇಲೆ. ವಾರ್ಫರಿನ್ ಸೋಡಿಯಂ ಉಪ್ಪಾಗಿ ಬಂದಿದ್ದರೆ ಸ್ಮೈಲ್ಸ್‌ನಲ್ಲಿ ಚುಕ್ಕೆಯಾಚೆ ಕೂತ ಸೋಡಿಯಂ ಅನ್ನು ಕೈಯಾರೆ ಅಳಿಸುತ್ತೇನೆ. ಇದು ಸುಮ್ನೆ ಮಾಡುವ ಕೆಲಸವಲ್ಲ. ಒಮ್ಮೆ ಟೂಲ್‌ನವರು ಯಾರಿಗೂ ಹೇಳದೆ ಮಾಡೆಲ್ ಬದಲಿಸಿದ್ದರು. ಈ ಮೂರರ ಅಂಕಿ ಅಲುಗಾಡಿದ್ದರಿಂದಲೇ ಅದು ಗೊತ್ತಾಯಿತು.

ನನ್ನ ತಕರಾರು ಇರುವುದು ಕೊನೆಯ ಕೆಲವು ಪರ್ಸೆಂಟ್ ಬಗ್ಗೆ. ಪಕ್ಕದ ಲ್ಯಾಬ್‌ನಲ್ಲಿ ಡಯಾಲಿಸಿಸ್ ಮಾಡಿ ಇದನ್ನೇ ಅಳೆಯುವ ಅಕ್ಕ ಬೆಳಗಾವಿಯವರು (ಕಿಡ್ನಿ ರೋಗಿಗಳ ಡಯಾಲಿಸಿಸ್ ಅಲ್ಲ). ತೆಳುವಾದ ಪೊರೆಯ ಒಂದು ಕಡೆ ಔಷಧ ಬೆರೆಸಿದ ಪ್ಲಾಸ್ಮಾ (ರಕ್ತದ ದ್ರವಭಾಗ), ಇನ್ನೊಂದು ಕಡೆ ಪ್ರೋಟೀನ್ ಇಲ್ಲದ ಬಫರ್ ದ್ರಾವಣ, 37 ಡಿಗ್ರಿ ಬಿಸಿ, ಗಂಟೆಗಟ್ಟಲೆ ಕಾಯಬೇಕು. ರಕ್ತದ ಮುಖ್ಯ ಪ್ರೋಟೀನ್ ಆಲ್ಬುಮಿನ್ ದೊಡ್ಡದು, ಪೊರೆ ದಾಟುವುದಿಲ್ಲ. ಬಿಡಿಯಾಗಿರುವ ಔಷಧ ಮಾತ್ರ ಆಚೆ ಬರುತ್ತದೆ. ನಮ್ಮ ಒಂದು ಅಣುವಿಗೆ ಟೂಲ್ 99 ಅಂದಿತ್ತು, ಅಕ್ಕನಿಗೆ 96 ಬಂತು. ಜೂನಿಯರ್ ಹುಡುಗ, ‘ಮೂರೇ ಪರ್ಸೆಂಟ್ ಅಲ್ವಾ?’ ಅಂದ. ಅಕ್ಕ ಹೇಳಿದರು: ‘ತಮ್ಮಾ, ಹಿಡಕೊಂಡಿದ್ದು ಎಣಸಬ್ಯಾಡ, ಬಿಡಿ ಇದ್ದದ್ದು ಎಣಸು. ಒಂದು ಇದ್ದದ್ದು ನಾಕ ಆತು ನೋಡು.’

ಅದೇ ಸರಿ. ಅಂಗಾಂಶಕ್ಕೆ ಹೋಗಿ ಕೆಲಸ ಮಾಡುವುದು, ಕಿಡ್ನಿಯಲ್ಲಿ ಸೋಸಿ ಹೋಗುವುದು ಬಿಡಿ ಇರುವ ಔಷಧವೇ. ಅಲ್ಲಿ ನಾಲ್ಕು ಪಟ್ಟು ತಪ್ಪಿದರೆ ಡೋಸ್ ಲೆಕ್ಕವೆಲ್ಲ ಬುಡಮೇಲು. ಟೂಲ್ ಮಾತ್ರ ದಶಾಂಶದ ನಂತರ ಎರಡು ಅಂಕಿ ಕೊಟ್ಟು, ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಒಂದು ಮಾತೂ ಹೇಳುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರಿಸಿದೆ.

ಪ್ರೊಪ್ರನೊಲಾಲ್, ಲಿಡೊಕೇನ್‌ನಂಥ ಕ್ಷಾರೀಯ ಔಷಧಗಳದ್ದು ಇನ್ನೊಂದು ತೊಂದರೆ. ಅವು ಆಲ್ಫಾ-1 ಆಸಿಡ್ ಗ್ಲೈಕೊಪ್ರೋಟೀನ್ ಅನ್ನುವ ರಕ್ತದ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತವೆ. ಉರಿಯೂತ ಇದ್ದಾಗ ರಕ್ತದಲ್ಲಿ ಆ ಪ್ರೋಟೀನ್ ಏರುತ್ತದೆ. ಆಗ ಬಿಡಿ ಔಷಧದ ಪಾಲೂ ಬದಲಾಗುತ್ತದೆ, ಆದರೆ ಟೂಲ್ ಎಲ್ಲರಿಗೂ ಒಂದೇ ಅಂಕಿ ಕೊಡುತ್ತದೆ.

ಹಾಗಂತ ಬಿಟ್ಟುಬಿಟ್ಟೆನಾ? ಇಲ್ಲ. ಒಂದೇ ಚೌಕಟ್ಟಿನ ಅಣುಗಳ ಸಾಲು ಹಾಕಿ, ಯಾವುದು ಜಾಸ್ತಿ ಹಿಡಿಯುತ್ತದೆ, ಯಾವುದು ಕಡಿಮೆ ಅಂತ ಕೇಳಿದರೆ ಇದು ಚೆನ್ನಾಗಿ ಹೇಳುತ್ತದೆ. ಅದರ ಸರದಿಯೂ ಅಕ್ಕನ ಸರದಿಯೂ ಬಹಳ ಸಲ ಹೊಂದಿಕೊಂಡಿವೆ. ಯಾವ ಅಣುವನ್ನು ಡಯಾಲಿಸಿಸ್‌ಗೆ ಕಳಿಸಬೇಕು ಅಂತ ಆರಿಸುವಾಗ ಪ್ಲಾಸ್ಮಾ ಉಳಿಯುತ್ತದೆ, ಅಕ್ಕನ ಸಮಯವೂ ಉಳಿಯುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ನನ್ನ ಸ್ಟೈಪೆಂಡಿಗೆ ಎಟುಕುವ ಮಾತಲ್ಲ.

ಇನ್ನೂ ಪ್ರಕಟವಾಗದ ರಚನೆಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ, ವೆಬ್ ಟೂಲ್ ಆದ್ದರಿಂದ ಅವು ಬೇರೆಯವರ ಸರ್ವರ್‌ಗೆ ಹೋಗುತ್ತವೆ. ಅವಕ್ಕೆ ನಾನು ಲ್ಯಾಪ್‌ಟಾಪ್‌ನಲ್ಲೇ ಆರ್‌ಡಿಕಿಟ್ (ಅಣುಗಳ ಲೆಕ್ಕಕ್ಕಿರುವ ಉಚಿತ ಸಾಫ್ಟ್‌ವೇರ್) ಇಟ್ಟುಕೊಂಡು ಸಣ್ಣ ಮಾಡೆಲ್ ಓಡಿಸುತ್ತೇನೆ.

ಸದ್ಯಕ್ಕೆ ಮೂರು ಸ್ಟಾರ್. ಬಿಡಿ ಪಾಲನ್ನು ಮೊದಲ ಕಾಲಂಗೆ ತಂದು, ಪಕ್ಕದಲ್ಲೇ ಹೆಚ್ಚುಕಡಿಮೆಯ ಅಂದಾಜು ಕೊಟ್ಟ ದಿನ ಐದು ಕೊಡುತ್ತೇನೆ.