ಸ್ಫೂರ್ತಿ ಪಾಠ ಓಡಿಸಿ, ಅಗ್ರಿಮೆಂಟ್ ಪಾಠ ನೋಡಿ: ಒಂದು ಆನ್‌ಲೈನ್ ಕೋರ್ಸ್ ಬಗ್ಗೆ

ನಾನು ವಿಡಿಯೋ ಎಡಿಟರ್. ಸ್ವಂತದ್ದೊಂದು ಸಣ್ಣ ಪ್ರೊಡಕ್ಷನ್ ಕಂಪನಿ ಶುರು ಮಾಡುವ ಯೋಚನೆಯಲ್ಲಿದ್ದೇನೆ. ಅದಕ್ಕೇ ಸಿನಿಮಾ, ಸಂಗೀತ, ಮಾಧ್ಯಮದಲ್ಲಿ ಉದ್ಯಮ ಕಟ್ಟಿದವರ ದಾರಿ ಹೇಗಿತ್ತು ಎಂದು ಹೇಳಿಕೊಡುವ ಈ ರೆಕಾರ್ಡೆಡ್ ಕೋರ್ಸ್‌ಗೆ ಸೇರಿದೆ. ಬೈಯುವುದು ಸ್ವಲ್ಪ ಇರುವುದರಿಂದ ಹೆಸರು ಬರೆಯುತ್ತಿಲ್ಲ. ಇಂಥ ಕೋರ್ಸ್‌ಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಚ್ಚಿನವು, ಬೇರೆ ಕೋರ್ಸ್ ಹುಡುಕುತ್ತಿರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲ ಭಾಗ ಪೂರ್ತಿ ಸ್ಫೂರ್ತಿ. ಹಿನ್ನೆಲೆಯಲ್ಲಿ ಪಿಯಾನೋ, ಬಡತನ, ಛಲ, ಗೆಲುವು. ಅಮೆರಿಕದ ಮೋಟೌನ್ ಎಂಬ ಸಂಗೀತ ಕಂಪನಿ ಕಟ್ಟಿದ ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಂದು ಶುರು ಮಾಡಿದರು ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಅದಕ್ಕೂ ಮುಂಚೆ ಗಾರ್ಡಿ ಬಾಕ್ಸರ್ ಆಗಿದ್ದರು, ರೆಕಾರ್ಡ್ ಅಂಗಡಿ ಇಟ್ಟು ಮುಚ್ಚಿದ್ದರು, ಕಾರ್ ಫ್ಯಾಕ್ಟರಿಯಲ್ಲಿ ದುಡಿದಿದ್ದರು, ಬೇರೆಯವರಿಗೆ ಹಿಟ್ ಹಾಡು ಬರೆದುಕೊಟ್ಟಿದ್ದರು. ಹಾಡು ಎಷ್ಟು ಓಡಿದರೂ ಬರೆದವನ ಕೈಗೆ ಬರುವುದು ಚಿಲ್ಲರೆ ಎಂದು ನೋಡಿದ ಮೇಲೆ ಸ್ವಂತ ರೆಕಾರ್ಡ್ ಕಂಪನಿ ಮಾಡಿದರು. ನನಗೆ ಬೇಕಿದ್ದದ್ದು ಆ ನಡುವಿನ ವರ್ಷಗಳ ಕತೆ. ಅದೇ ಇಲ್ಲ. ಸಿಎನ್‌ಎನ್ ಸುದ್ದಿ ಚಾನೆಲ್ ಕಟ್ಟಿದ ಟೆಡ್ ಟರ್ನರ್ ಬಗ್ಗೆ ಹೇಳುವಾಗಲೂ ಸೊನ್ನೆಯಿಂದ ಬಂದವರು ಅನ್ನುವ ಧಾಟಿ. ಅಪ್ಪನ ಬಿಲ್‌ಬೋರ್ಡ್ ಕಂಪನಿ 1963ರಲ್ಲೇ ಅವರ ಕೈಗೆ ಬಂದಿತ್ತು. ನಷ್ಟದಲ್ಲಿದ್ದ ಟಿವಿ ಸ್ಟೇಷನ್ ಕೊಂಡದ್ದು 1970ರಲ್ಲಿ, ಸಿಎನ್‌ಎನ್ ಬಂದದ್ದು 1980ರಲ್ಲಿ. ಹಿಂದೆ ಒಂದು ನಡೆಯುವ ವ್ಯಾಪಾರ ಇದ್ದರೆ ಧೈರ್ಯ ಜಾಸ್ತಿ ಬರುತ್ತದೆ, ಅಲ್ವಾ? ಅದನ್ನು ಹೇಳುವುದಕ್ಕೆ ಇವರಿಗೆ ಯಾಕೆ ಸಂಕೋಚವೋ.

ಎರಡು, ಮೂರನೇ ಭಾಗ ಸುಮ್ನೆ ಓಡಿಸಬಹುದು. ಲೋಗೋ, ಸೋಷಿಯಲ್ ಮೀಡಿಯಾ, ಪರಿಚಯ ಬೆಳೆಸುವುದು ಹೇಗೆ, ಇಂಥವು.

ಕೊಟ್ಟ ದುಡ್ಡು ವಸೂಲಾಗುವುದು ನಾಲ್ಕನೇ ಭಾಗದಲ್ಲಿ. ಪಾಠ ಮಾಡುವವರು ಒಬ್ಬ ವಕೀಲರು. ಕ್ಯಾಮೆರಾ ಮುಂದೆ ತಡವರಿಸುತ್ತಾರೆ, ಪಿಯಾನೋ ಕೂಡ ಇಲ್ಲ. ಒಂದು ಅಗ್ರಿಮೆಂಟ್ ಸ್ಕ್ರೀನ್ ಮೇಲೆ ಹಾಕಿ ಸಾಲು ಸಾಲಾಗಿ ಓದಿಸುತ್ತಾರೆ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕು ಇವೆ ಎಂದು ಶುರು ಮಾಡುತ್ತಾರೆ: ಸಾಹಿತ್ಯ ಮತ್ತು ರಾಗದ್ದು ಒಂದು, ರೆಕಾರ್ಡಿಂಗ್‌ನದ್ದು ಇನ್ನೊಂದು. ಆಮೇಲೆ ಅದೇ ಗಾರ್ಡಿ ಮತ್ತೆ ಬರುತ್ತಾರೆ. 1988ರಲ್ಲಿ ಅವರು ಮೋಟೌನ್ ಮಾರಿದ್ದು 6.1 ಕೋಟಿ ಡಾಲರ್‌ಗೆ. ಆದರೆ ಹಾಡುಗಳ ಪಬ್ಲಿಷಿಂಗ್ ಕಂಪನಿ, ಅಂದರೆ ಸಾಹಿತ್ಯ ಮತ್ತು ರಾಗದ ಹಕ್ಕು ಇಟ್ಟುಕೊಂಡಿದ್ದ ಜೋಬೆಟೆ ಅನ್ನು ಕೈಬಿಡಲಿಲ್ಲ. 1997ರಲ್ಲಿ ಅದರ ಅರ್ಧ ಪಾಲಿಗೇ 13.2 ಕೋಟಿ ಡಾಲರ್ ಬಂತು! ಇದನ್ನು ಕೇಳಿ ನಾನು ವಿಡಿಯೋ ನಿಲ್ಲಿಸಿ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿದೆ. ಮೊದಲ ಭಾಗದಲ್ಲಿ ಇದನ್ನೇ ಹೇಳಿದ್ದರೆ ಪಿಯಾನೋ ಬೇಕಾಗುತ್ತಿರಲಿಲ್ಲ.

ಉಳಿದ ಉದಾಹರಣೆಗಳೂ ಗಟ್ಟಿಯಾಗಿವೆ. ವಾಲ್ಟ್ ಡಿಸ್ನಿ 1928ರಲ್ಲಿ ಓಸ್ವಾಲ್ಡ್ ಎಂಬ ಕಾರ್ಟೂನ್ ಮೊಲವನ್ನು ಕಳೆದುಕೊಂಡರು, ಹಕ್ಕು ಯೂನಿವರ್ಸಲ್ ಎಂಬ ಸಿನಿಮಾ ಕಂಪನಿ ಬಳಿ ಇತ್ತು. ಮಿಕ್ಕಿ ಮೌಸ್ ಬಂದದ್ದು ಅದಾದ ಮೇಲೆ. ಸ್ಟಾರ್ ವಾರ್ಸ್ ಸಿನಿಮಾ ಮಾಡಿದ ಜಾರ್ಜ್ ಲೂಕಾಸ್ ಸಂಬಳ ಜಾಸ್ತಿ ಕೇಳುವ ಬದಲು ಮುಂದಿನ ಭಾಗಗಳ ಹಕ್ಕು, ಆಟಿಕೆ ಮುಂತಾದ ಸರಕಿನ ಹಕ್ಕು ಕೇಳಿದರು. 2012ರಲ್ಲಿ ಅವರ ಕಂಪನಿಗೆ ಡಿಸ್ನಿ ಕೊಟ್ಟದ್ದು 400 ಕೋಟಿ ಡಾಲರ್‌ಗೂ ಹೆಚ್ಚು. ಗಾಯಕಿ ಟೇಲರ್ ಸ್ವಿಫ್ಟ್ ತಮ್ಮ ಹಳೆಯ ಆಲ್ಬಂಗಳನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಲು ಆದದ್ದು ಯಾಕೆ ಅನ್ನುವುದನ್ನೂ ಆ ಎರಡು ಹಕ್ಕುಗಳ ಲೆಕ್ಕದಲ್ಲೇ ಬಿಡಿಸಿ ಹೇಳುತ್ತಾರೆ.

ಈ ಭಾಗದ ಜೊತೆ ಒಂದು ಚೆಕ್‌ಲಿಸ್ಟ್ ಕೊಡುತ್ತಾರೆ. ನನಗೆ ಬಂದಿದ್ದ ಒಂದು ಅಗ್ರಿಮೆಂಟನ್ನು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಓದಿದೆ. ಫೈನಲ್ ವಿಡಿಯೋ ಜೊತೆಗೆ ಪ್ರಾಜೆಕ್ಟ್ ಫೈಲ್, ಬಳಸದೆ ಉಳಿದ ಫೂಟೇಜ್ ಎಲ್ಲವೂ ಕ್ಲೈಂಟ್‌ಗೇ ಸೇರಬೇಕು ಎಂಬ ಸಾಲೊಂದು ನಡುವೆ ಕೂತಿತ್ತು. ಇದು ಬೇಕಾ ಎಂದು ಕೇಳಿದೆ. ತೆಗೆದುಹಾಕಿದರು. ಕೇಳಿದರೆ ತೆಗೆಯುತ್ತಾರೆ ಅನ್ನುವುದೇ ನನಗೆ ಹೊಸ ವಿಷಯ.

ದೊಡ್ಡ ಕೊರತೆ ಅಂದ್ರೆ ದುಡ್ಡಿನ ಓಡಾಟದ ಪಾಠ ತೀರಾ ತೆಳು. ನಮ್ಮ ಕೆಲಸದಲ್ಲಿ ಪೇಮೆಂಟ್ ತಡವಾಗಿ ಬರುತ್ತದೆ, ಲೈಟ್ ಬಾಡಿಗೆಯನ್ನು ಅವತ್ತೇ ಕೊಡಬೇಕು. ಬ್ರಿಟನ್‌ನ ಉದ್ಯಮಿ ರಿಚರ್ಡ್ ಬ್ರಾನ್ಸನ್ 1992ರಲ್ಲಿ ತಮ್ಮ ಸಂಗೀತ ಕಂಪನಿ ವರ್ಜಿನ್ ರೆಕಾರ್ಡ್ಸ್ ಮಾರಿದ್ದು ದುಡ್ಡಿನ ಕಷ್ಟದಲ್ಲಿದ್ದ ತಮ್ಮ ವಿಮಾನ ಕಂಪನಿಯನ್ನು ಉಳಿಸಿಕೊಳ್ಳಲು. ಕೋರ್ಸ್‌ನಲ್ಲಿ ಅದನ್ನು ದೂರದೃಷ್ಟಿ ಎಂದು ಹೊಗಳಿ ಮುಗಿಸಿದ್ದಾರೆ. ಪ್ರಶ್ನೋತ್ತರದಲ್ಲಿ ನಾನು ಇದನ್ನೇ ಬರೆದು ಕಳಿಸಿದೆ, ಉತ್ತರವಾಗಿ ಮುಂದಿನ ಕೋರ್ಸ್‌ನ ಜಾಹೀರಾತು ಬಂತು.

ಇನ್ನೂ ಕಾಲೇಜಿನಲ್ಲಿರುವವರಿಗೆ ಇದರ ಅವಸರ ಇಲ್ಲ. ಸೈನ್ ಮಾಡುವ ಕಾಗದ ಮೇಜಿನ ಮೇಲಿದ್ದರೆ ಮಾತ್ರ ಸೇರಿ, ನೇರ ನಾಲ್ಕನೇ ಭಾಗಕ್ಕೆ ಹೋಗಿ. ಚೆಕ್‌ಲಿಸ್ಟನ್ನು ಮೊದಲ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕೋರ್ಸ್ ಅವಧಿ ಮುಗಿದರೆ ಆ ಪುಟವೂ ಮುಚ್ಚಿಹೋಗುತ್ತದೆ, ಇದನ್ನು ಅವರು ಎಲ್ಲೂ ದೊಡ್ಡ ಅಕ್ಷರದಲ್ಲಿ ಬರೆದಿಲ್ಲ.